ಅನುದಿನ ಎಂಬ ಮಾತಿನ ಹಿಂದೆ

ಸಭೆ ಕೂಡುವ ಮುನ್ನ ನಮ್ಮಲ್ಲಿ ಕೆಲವರು ಹೊರಗಿನ ಗಾಡಿಯ ಬಳಿ ನಿಂತು ವಡಾಪಾವ್ ತಿಂದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಇದಕ್ಕೆ ಪಾವ್ ಎಂಬ ಹೆಸರು ಏಕೆ ಬಂತೆಂದು ಗೊತ್ತೇ ಎಂದು ಕೇಳಿ, ತಾವೇ ಉತ್ತರವನ್ನೂ ಹೇಳಿದರು. ಬೇಕರಿಯಿಂದ ನಾಲ್ಕು ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಒಂದು ತುಂಡೆಂದರೆ ಕಾಲು ಭಾಗ. ಮರಾಠಿಯಲ್ಲಿ ಕಾಲು ಭಾಗಕ್ಕೆ ಪಾವ್ ಎನ್ನುತ್ತಾರೆ. ನಮ್ಮ ಕಡೆಯ ಪಾವು-ಚಟಾಕುಗಳ ಪಾವೂ ಅದೇ. ಕೇಳಲು ಬಹಳ ಸೊಗಸಾಗಿದೆ, ಆದರೆ ನಿಜವಲ್ಲ. ಪೋರ್ಚುಗೀಸರು ರೊಟ್ಟಿಗೆ ‘ಪಾಂವ್’ ಎನ್ನುತ್ತಾರೆ. ಆ ಮಾತು ಗೋವೆಯಲ್ಲಿ ನೆಲೆಯೂರಿ, ಅಲ್ಲಿಂದ ಬಂದ ಬೇಕರಿಯವರ ಜೊತೆ ಮುಂಬಯಿಯ ಬೀದಿಗೆ ಇಳಿಯಿತು. ಏಸು ತನ್ನ ಶಿಷ್ಯರಿಗೆ ಕಲಿಸಿದ, ಗೋವೆಯ ಇಗರ್ಜಿಗಳಲ್ಲಿ ಪೋರ್ಚುಗೀಸಿನಲ್ಲಿ ಹೇಳುತ್ತಿದ್ದ ಕರ್ತನ ಪ್ರಾರ್ಥನೆಯ ನಡುವೆಯೂ ಇದೇ ‘ಪಾಂವ್’ ಬರುತ್ತದೆ: ದಿನದಿನದ ನಮ್ಮ ಪಾಂವ್ ಇಂದು ನಮಗೆ ಕೊಡು.

ಈ ಸಂಜೆ ನಾನು ಮಾತಾಡಬೇಕೆಂದಿರುವುದು ಆ ಸಾಲಿನ ಬಗ್ಗೆಯೇ, ಇನ್ನೂ ಕಿರಿದುಗೊಳಿಸಿ ಹೇಳುವುದಾದರೆ ಆ ಸಾಲಿನ ‘ದಿನದಿನದ’ ಎಂಬ ಒಂದೇ ಒಂದು ವಿಶೇಷಣದ ಬಗ್ಗೆ. ಕನ್ನಡ ಸತ್ಯವೇದದಲ್ಲಿ ಅದು ‘ಅನುದಿನದ ಆಹಾರ’. ಮರಾಠಿಯಲ್ಲಿ ‘ರೋಜಚೀ ಭಾಕರ’. ಕೊಂಕಣಿಯಲ್ಲಿ ‘ಗಿರಾಸ್’ ಎನ್ನುತ್ತಾರೆ, ಅಂದರೆ ನಮ್ಮ ಗ್ರಾಸ, ಒಂದು ತುತ್ತು. ಈ ನಗರದಲ್ಲಿ ಭಾನುವಾರ ಬೆಳಿಗ್ಗೆ ಒಂದೇ ಬೀದಿಯಲ್ಲಿ ನಡೆದರೆ ಮೂರೂ ಕಿವಿಗೆ ಬೀಳಬಹುದು. ತಿನ್ನುವ ವಸ್ತು ಆಹಾರವೋ, ಭಾಕರಿಯೋ, ತುತ್ತೋ ಎಂಬಲ್ಲಿ ಭಾಷೆಗಳು ತಮ್ಮ ತಮ್ಮ ಅಡುಗೆಮನೆಗೆ ತಕ್ಕಂತೆ ಬೇರೆಯಾಗಿವೆ. ಆದರೆ ಅದು ದಿನನಿತ್ಯದ್ದು ಎಂಬಲ್ಲಿ ಎಲ್ಲವೂ ಒಮ್ಮತದಲ್ಲಿವೆ. ಅಷ್ಟು ಗಟ್ಟಿಯಾದ ಒಮ್ಮತದ ಹಿಂದಿರುವ ಮೂಲ ಗ್ರೀಕ್ ಪದಕ್ಕೆ ‘ದಿನನಿತ್ಯದ’ ಎಂಬ ಅರ್ಥವಿದೆಯೇ ಎಂಬುದು ಸುಮಾರು ಹದಿನೆಂಟು ಶತಮಾನಗಳಿಂದ ತೀರದ ಚರ್ಚೆಯಾಗಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ನನಗಂತೂ ಆಯಿತು. ನಾನು ಪಾದ್ರಿಯಲ್ಲ, ದೇವಶಾಸ್ತ್ರಜ್ಞನೂ ಅಲ್ಲ. ಇಲ್ಲಿಯ ರಾತ್ರಿಶಾಲೆಯೊಂದರಲ್ಲಿ ಹೋಟೆಲ್ ಹುಡುಗರಿಗೆ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ಗ್ರೀಕ್ ಅಕ್ಷರ ಕಲಿತವನು. ಪದಗಳ ಮೇಲಿನ ಕುತೂಹಲವಷ್ಟೇ ನನ್ನ ಬಂಡವಾಳ.

ಪದವೊಂದರ ಅರ್ಥವನ್ನು ನಾವು ಸಾಮಾನ್ಯವಾಗಿ ಹೇಗೆ ತಿಳಿಯುತ್ತೇವೆ ಎಂಬುದನ್ನು ಮೊದಲು ನೋಡೋಣ. ‘ಹೊತ್ತು’ ಎಂಬ ಮಾತನ್ನು ತೆಗೆದುಕೊಳ್ಳಿ. ಹೊತ್ತು ಮುಳುಗಿತು ಎಂದಾಗ ಅದು ಸೂರ್ಯ. ಹೊತ್ತು ಹೋಗುವುದಿಲ್ಲ ಎಂದಾಗ ಕಾಲ. ಮೂಟೆ ಹೊತ್ತು ತಂದ ಎಂದಾಗ ಕ್ರಿಯಾಪದ. ಇದನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಪಕ್ಕದ ಪದಗಳೇ ಕಲಿಸಿದವು. ರಾತ್ರಿಶಾಲೆಗೆ ಬರುತ್ತಿದ್ದ, ಮನೆಯಲ್ಲಿ ಮರಾಠಿ ಆಡುವ ಹುಡುಗನೊಬ್ಬ ‘ಅವನು ನನಗೆ ಕೈಕೊಟ್ಟ’ ಎಂಬ ವಾಕ್ಯಕ್ಕೆ ‘ಅವನು ನನಗೆ ಸಹಾಯ ಮಾಡಿದ’ ಎಂದು ಅರ್ಥ ಬರೆದಿದ್ದ. ಅವನ ತರ್ಕದಲ್ಲಿ ಲೋಪವೇನೂ ಇರಲಿಲ್ಲ. ಕೈ ಎಂದರೆ ಕೈ, ಕೊಟ್ಟ ಎಂದರೆ ಕೊಟ್ಟ. ಆದರೆ ಕನ್ನಡಿಗರು ಆ ಎರಡು ಪದಗಳನ್ನು ಕೂಡಿಸಿ ಬಳಸುತ್ತಾ ಬಂದ ರೀತಿ ಅವನಿಗೆ ಗೊತ್ತಿರಲಿಲ್ಲ. ನಾನು ಅಂಕ ಕಳೆದೆನಾದರೂ ಆ ಉತ್ತರವನ್ನು ಈವರೆಗೆ ಮರೆತಿಲ್ಲ.

ಬೈಬಲಿನ ಪದಗಳಿಗೂ ಇದೇ ನಿಯಮ. ಅದಕ್ಕಾಗಿಯೇ ಪದಾನುಕ್ರಮಣಿಕೆಗಳಿವೆ: ಒಂದು ಪದ ಎಲ್ಲೆಲ್ಲಿ ಬಂದಿದೆಯೋ ಅಷ್ಟೂ ವಾಕ್ಯಗಳನ್ನು ಒಂದೆಡೆ ಸೇರಿಸಿ, ಅದರ ಅಕ್ಕಪಕ್ಕ ಯಾರು ಕೂರುತ್ತಾರೆ ಎಂಬುದನ್ನು ನೋಡಿ ಅದರ ಸ್ವಭಾವವನ್ನು ಊಹಿಸುವ ಕೆಲಸ. ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಪಂಡಿತಾ ರಮಾಬಾಯಿಯವರು ಇಡೀ ಬೈಬಲನ್ನು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಸರಳ ಮರಾಠಿಗೆ ತಂದಾಗ ಇಂಥ ಕೆಲಸವನ್ನು ವರ್ಷಗಟ್ಟಲೆ ಮಾಡಿರಲೇಬೇಕು. 1922ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಅವರ ಕೈಯಲ್ಲಿತ್ತು. ಸಹ್ಯಾದ್ರಿಯ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ, ಸಂಸ್ಕೃತದ ಶಬ್ದಶಾಸ್ತ್ರವನ್ನು ಎಳವೆಯಲ್ಲೇ ಅರಗಿಸಿಕೊಂಡ ಆ ಮಹಿಳೆಗೆ ಬೇರು ಹುಡುಕುವ ಆಕರ್ಷಣೆಯೂ ಗೊತ್ತಿದ್ದೀತು, ಅದರ ಅಪಾಯವೂ ಗೊತ್ತಿದ್ದೀತು.

ಆ ಅಪಾಯದ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಪದದ ಅರ್ಥ ಹುಡುಕುವವರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಪದವನ್ನು ಒಡೆದರೆ ಒಳಗೆ ನಿಜವಾದ ಅರ್ಥ ಸಿಗುತ್ತದೆ ಎಂದು ನಾವು ನಂಬುತ್ತೇವೆ. ನಮ್ಮ ಆಲಂಕಾರಿಕರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. ಕುಶಲ ಎಂದರೆ ಬೇರಿನ ಪ್ರಕಾರ ದರ್ಭೆ ಕೊಯ್ಯುವವನು. ಪ್ರವೀಣ ಎಂದರೆ ವೀಣೆಯಲ್ಲಿ ಪಳಗಿದವನು. ಆದರೆ ಕುಶಲಕರ್ಮಿ ಎಂದಾಗ ಯಾರ ಕೈಯಲ್ಲೂ ದರ್ಭೆ ಕಾಣುವುದಿಲ್ಲ, ಅಡುಗೆಯಲ್ಲಿ ಪ್ರವೀಣೆ ಎಂದಾಗ ವೀಣೆಯ ನಾದ ಕೇಳುವುದಿಲ್ಲ. ರೂಢಿ ಬೇರನ್ನು ಮುಚ್ಚಿಬಿಟ್ಟಿದೆ. ಬೈಬಲ್ ಅಧ್ಯಯನದಲ್ಲಿ ಇದೇ ಎಚ್ಚರಿಕೆಯನ್ನು ಗಟ್ಟಿದನಿಯಲ್ಲಿ ಹೇಳಿದವರು ಸ್ಕಾಟ್ಲೆಂಡಿನ ವಿದ್ವಾಂಸ ಜೇಮ್ಸ್ ಬಾರ್. 1961ರಲ್ಲಿ ಅವರು, ಪದದ ಇತಿಹಾಸ ಬೇರೆ, ಪದದ ಅರ್ಥ ಬೇರೆ, ಬೇರನ್ನು ಹಿಡಿದು ಪ್ರತಿ ವಾಕ್ಯಕ್ಕೂ ಅದೇ ಅರ್ಥವನ್ನು ಹೊರಿಸುವುದು ತಪ್ಪು ಎಂದು ವಾದಿಸಿ ಆ ಕಾಲದ ದೊಡ್ಡ ದೊಡ್ಡ ಕೋಶಗಳನ್ನೇ ಪ್ರಶ್ನಿಸಿದರು. ಹೀಬ್ರೂವಿನಲ್ಲಿ ‘ಲೆಹೆಮ್’ ಎಂದರೆ ರೊಟ್ಟಿ, ಬೇತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಅದೇ ಬೇರಿನ ಅರಬಿ ಪದ ‘ಲಹ್ಮ್’ ಎಂದರೆ ಮಾಂಸ. ಬೇರನ್ನೇ ನಂಬಿ ಅರಬ್ಬರ ಹೋಟೆಲಿನಲ್ಲಿ ಊಟಕ್ಕೆ ಹೇಳಿದ ಸಸ್ಯಾಹಾರಿಯ ಗತಿಯನ್ನು ಊಹಿಸಿಕೊಳ್ಳಿ.

ನಾನೂ ಇದರಿಂದ ಹೊರತಲ್ಲ. ‘ದಿನಸಿ’ ಎಂಬ ಪದ ‘ದಿನ’ದಿಂದ ಬಂದಿದೆ, ದಿನಕ್ಕೆ ಬೇಕಾದದ್ದೇ ದಿನಸಿ ಎಂದು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಅದು ‘ಜಿನಸು’ ಎಂಬುದರ ಇನ್ನೊಂದು ರೂಪ, ಅರಬಿಯ ‘ಜಿನ್ಸ್’, ಅಂದರೆ ಬಗೆ, ಸರಕು. ದಿನಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಕೋಶದಲ್ಲಿ ಅದನ್ನು ನೋಡಿದ ದಿನ ಒಬ್ಬನೇ ಕುಳಿತು ನಕ್ಕೆ, ಆಮೇಲೆ ನಾಚಿಕೆಯೂ ಆಯಿತು. ಗೋವೆಯ ಹಳೆಯ ಪುಸ್ತಕಗಳನ್ನು ನೋಡುವ ಕನ್ನಡಿಗರಿಗೂ ಇಂಥದೇ ಒಂದು ಹಿಗ್ಗು, ಹಿಂದೆಯೇ ಒಂದು ನಿರಾಸೆ ಕಾದಿರುತ್ತದೆ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ಯೂಟ್ ಪಾದ್ರಿ ಬರೆದು, ಅವರ ಮರಣಾನಂತರ 1640ರಲ್ಲಿ ರಾಚೋಲ್‌ನಲ್ಲಿ ಅಚ್ಚಾದ ವ್ಯಾಕರಣ ‘ಕನಾರಿಂ’ ಭಾಷೆಯದ್ದೆಂದು ಮುಖಪುಟ ಹೇಳುತ್ತದೆ. ಕನ್ನಡದ್ದೇ ಎಂದು ಎದೆ ಉಬ್ಬುತ್ತದೆ. ಒಳಗೆ ತೆರೆದರೆ ಕೊಂಕಣಿ. ಪೋರ್ಚುಗೀಸರು ಆ ಹೆಸರನ್ನು ಬಳಸುತ್ತಿದ್ದದ್ದು ಹಾಗೆ. ಹೆಸರಿನ ಸದ್ದಿಗೆ ಮರುಳಾಗದೆ ಪುಟ ತಿರುವಿ ನೋಡುವುದು ಪದವಿಚಾರದ ಮೊದಲ ಶಿಸ್ತು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಏಕೆಂದರೆ, ನಮ್ಮ ಪದದ ವಿಷಯದಲ್ಲಿ ಪುಟ ತಿರುವಲು ಪುಟವೇ ಇಲ್ಲ. ಆ ಪದ ‘ಎಪಿಯೂಸಿಯೊಸ್’. ಏಸುವಿನ ಬದುಕನ್ನು ಹೇಳುವ ಸುವಾರ್ತೆಗಳ ಪೈಕಿ ಮತ್ತಾಯನ ಆರನೆಯ ಅಧ್ಯಾಯದಲ್ಲಿ ಒಮ್ಮೆ, ಲೂಕನ ಹನ್ನೊಂದನೆಯ ಅಧ್ಯಾಯದಲ್ಲಿ ಒಮ್ಮೆ ಬರುತ್ತದೆ. ಎರಡೂ ಕಡೆ ಅದೇ ಪ್ರಾರ್ಥನೆಯ ಅದೇ ಸಾಲು. ಆದಿಸಭೆಯ ‘ದಿದಖೆ’ ಎಂಬ ಕಿರುಹೊತ್ತಿಗೆ ಈ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕೆಂದು ವಿಧಿಸುವಾಗ ಅದೇ ಸಾಲನ್ನು ಮತ್ತೆ ಕೊಡುತ್ತದೆ. ಈ ಪ್ರಾರ್ಥನೆಯನ್ನಾಗಲಿ, ಅದನ್ನು ವಿವರಿಸಿದವರನ್ನಾಗಲಿ ಅವಲಂಬಿಸದೆ ಆ ಪದವನ್ನು ತನ್ನ ಸ್ವಂತ ಮಾತಾಗಿ ಬಳಸಿದ ಒಬ್ಬ ಗ್ರೀಕನನ್ನು ಖಚಿತವಾಗಿ ತೋರಿಸುವುದು ಇಂದಿಗೂ ಸಾಧ್ಯವಾಗಿಲ್ಲ. ಅಂದರೆ ಇದು ನೆರೆಹೊರೆಯಿಲ್ಲದ ಪದ. ಕೈಕೊಟ್ಟ ಎಂಬುದರ ಅರ್ಥ ನನ್ನ ವಿದ್ಯಾರ್ಥಿಗೆ ಇನ್ನೊಂದು ವರ್ಷ ಕನ್ನಡಿಗರ ನಡುವೆ ಓಡಾಡಿದರೆ ತಾನಾಗಿ ಗೊತ್ತಾಗುತ್ತಿತ್ತು. ಎಪಿಯೂಸಿಯೊಸ್‌ಗೆ ಆ ಭಾಗ್ಯವಿಲ್ಲ.

ಇದನ್ನು ಮೊದಲು ಬಾಯಿಬಿಟ್ಟು ಹೇಳಿದವನು ಮೂರನೆಯ ಶತಮಾನದ ಓರಿಗೆನ್. ಅಲೆಕ್ಸಾಂಡ್ರಿಯದಲ್ಲಿ ಬೆಳೆದವನು, ಗ್ರೀಕ್ ಅವನಿಗೆ ಮನೆಮಾತು. ಪ್ರಾರ್ಥನೆಯ ಬಗ್ಗೆ ಬರೆಯುತ್ತಾ ಈ ಪದಕ್ಕೆ ಬಂದಾಗ ಅವನು, ಇದನ್ನು ಯಾವ ಪಂಡಿತನೂ ಬಳಸಿದ್ದು ತನಗೆ ಕಾಣದು, ಜನಸಾಮಾನ್ಯರ ಬಾಯಲ್ಲೂ ಇಲ್ಲ, ಸುವಾರ್ತೆ ಬರೆದವರೇ ಇದನ್ನು ಕಟ್ಟಿರುವಂತಿದೆ ಎಂಬ ಅಭಿಪ್ರಾಯ ಕೊಡುತ್ತಾನೆ. ಒಂದು ಕ್ಷಣ ಯೋಚಿಸಿ. ಏಸು ಆಡುತ್ತಿದ್ದದ್ದು ಅರಮಾಯಿಕ್. ಅವನ ಪ್ರಾರ್ಥನೆಯನ್ನು ಗ್ರೀಕಿಗೆ ತಂದ, ಹೆಸರೂ ಉಳಿಯದ ಆ ಮೊದಲ ಅನುವಾದಕನ ಮುಂದೆ ‘ದಿನನಿತ್ಯದ’ ಎನ್ನುವುದಕ್ಕೆ ಸಿದ್ಧ ಗ್ರೀಕ್ ಪದಗಳಿದ್ದವು. ಹೊಸ ಒಡಂಬಡಿಕೆಯಲ್ಲೇ ಎರಡು ಸಿಗುತ್ತವೆ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ವಿಧವೆಯರಿಗೆ ದಿನವೂ ಹಂಚುವುದರ ಬಗ್ಗೆ ಜಗಳವಾಗುತ್ತದೆ, ಅಲ್ಲಿ ‘ಕಥೆಮೆರಿನೊಸ್’. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಬಟ್ಟೆಯಿಲ್ಲದ, ಆ ದಿನದ ಆಹಾರವೂ ಇಲ್ಲದ ಸಹೋದರನ ಮಾತು ಬರುತ್ತದೆ, ಅಲ್ಲಿ ‘ಎಫೆಮೆರೊಸ್’. ಇವೆರಡನ್ನೂ ಬಿಟ್ಟು ಹೊಸ ಪದವನ್ನು ಕಟ್ಟಿದನೆಂದರೆ, ಅವನ ಕಿವಿಗೆ ಬಿದ್ದ ಅರಮಾಯಿಕ್ ಮಾತು ಬರಿಯ ‘ದಿನನಿತ್ಯದ’ ಎಂಬುದಾಗಿರಲಿಲ್ಲ ಎಂದು ನನಗೆ ತೋರುತ್ತದೆ.

ಓರಿಗೆನ್ ಮಾಡಿದ್ದೇನು? ನೆರೆಹೊರೆ ಸಿಗದಿದ್ದಾಗ ಎಲ್ಲರೂ ಮಾಡುವುದನ್ನೇ: ಪದವನ್ನು ಒಡೆದ. ‘ಎಪಿ’ ಎಂಬ ಉಪಸರ್ಗಕ್ಕೆ ‘ಊಸಿಯಾ’ ಸೇರಿದೆ ಎಂದ. ಊಸಿಯಾ ಎಂದರೆ ಇರವು, ಸತ್ತ್ವ. ಆದ್ದರಿಂದ ಇದು ನಮ್ಮ ಇರವಿಗೆ ಒದಗುವ ಆಹಾರ. ಅವನ ವಿವರಣೆಯಲ್ಲಿ ಹೊಟ್ಟೆಗಿಂತ ಆತ್ಮಕ್ಕೆ ಸಲ್ಲುವ ಆಹಾರ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರೋಮ್ ಎಂಬ ವಿದ್ವಾಂಸ ಲ್ಯಾಟಿನ್ ಸುವಾರ್ತೆಗಳನ್ನು ತಿದ್ದಲು ಕುಳಿತಾಗ ಈ ಪದದ ಮುಂದೆ ಅವನ ಲೇಖನಿ ಎರಡು ದಾರಿ ಹಿಡಿಯಿತು. ಲೂಕನಲ್ಲಿ ಹಳೆಯ ಲ್ಯಾಟಿನ್ ರೂಢಿಯಂತೆ ‘ದಿನನಿತ್ಯದ’ ಎಂದೇ ಉಳಿಸಿದ. ಮತ್ತಾಯನಲ್ಲಿ ಅದೇ ಗ್ರೀಕ್ ಪದಕ್ಕೆ ‘ಸೂಪರ್‌ಸಬ್ಸ್ಟಾನ್ಷಿಯಾಲಿಸ್’ ಎಂಬ ಗಜಗಾತ್ರದ ಪದವನ್ನು ಇಟ್ಟ. ಕನ್ನಡದಲ್ಲಿ ಹೇಳಬೇಕೆಂದರೆ ‘ಸತ್ತ್ವಾತೀತವಾದ ರೊಟ್ಟಿ’. ಒಂದೇ ಕೈ, ಒಂದೇ ಪದ, ಎರಡು ಅನುವಾದ. ಇದನ್ನು ಅಚಾತುರ್ಯ ಎನ್ನುವವರಿದ್ದಾರೆ. ನನಗೆ ಅದು ಪ್ರಾಮಾಣಿಕತೆಯಂತೆ ಕಾಣುತ್ತದೆ. ಅಲ್ಲದೆ ಪ್ರಾರ್ಥನೆ ಮಾಡುವ ಜನ ವಿದ್ವತ್ತಿಗೆ ಕಾಯಲಿಲ್ಲ. ಲ್ಯಾಟಿನ್ ಪೂಜಾವಿಧಿಯಲ್ಲಿ ‘ದಿನನಿತ್ಯದ’ ಎಂಬುದೇ ನಿಂತಿತು, ಪೋರ್ಚುಗೀಸಿಗೆ ಬಂದದ್ದೂ ಅದೇ. 1831ರ ಹೊತ್ತಿಗೆ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬರುವಷ್ಟರಲ್ಲಿ, ಈ ವಿಶೇಷಣಕ್ಕೆ ಯುರೋಪಿನ ಬಾಯಿಪಾಠ ಗಟ್ಟಿಯಾಗಿ ಸಾವಿರ ವರ್ಷಕ್ಕೂ ಮಿಕ್ಕಿತ್ತು.

ಜೆರೋಮ್ ಇನ್ನೊಂದು ಉಪಕಾರ ಮಾಡಿದ್ದಾನೆ. ಹೀಬ್ರೂ ಅಕ್ಷರಗಳಲ್ಲಿದ್ದ, ಈಗ ನಮಗೆ ದೊರೆಯದ ಒಂದು ಸುವಾರ್ತೆಯಲ್ಲಿ ಈ ಜಾಗದಲ್ಲಿ ‘ಮಹರ್’ ಎಂದಿತ್ತೆಂದು ಬರೆದಿಟ್ಟಿದ್ದಾನೆ. ಮಹರ್ ಎಂದರೆ ನಾಳೆ. ನಮ್ಮ ನಾಳಿನ ರೊಟ್ಟಿಯನ್ನು ಇಂದು ಕೊಡು! ಸಿರಿಯಾಕ್ ಅನುವಾದಕರು, ಅಂದರೆ ಏಸುವಿನ ಭಾಷೆಗೆ ತೀರ ಹತ್ತಿರದ ಸೋದರ ಭಾಷೆಯವರು, ಬೇರೆ ಬೇರೆ ಹೇಳುತ್ತಾರೆ: ಹಳೆಯ ಅನುವಾದದಲ್ಲಿ ‘ಎಡೆಬಿಡದ’ ರೊಟ್ಟಿ, ಕೇರಳದ ಸುರಿಯಾನಿ ಕ್ರೈಸ್ತರು ಬಳಸುತ್ತ ಬಂದ ಪೆಶಿತ್ತಾದಲ್ಲಿ ‘ನಮಗೆ ಬೇಕಾದ’ ರೊಟ್ಟಿ.

ಇಲ್ಲಿ ಒಂದು ಕಥೆಯಿದೆ, ಅದನ್ನು ಬಿಡಲಾರೆ. 1889ರಲ್ಲಿ ಈಜಿಪ್ಟಿನ ಹವಾರದಲ್ಲಿ ಫ್ಲಿಂಡರ್ಸ್ ಪೆಟ್ರಿ ನಡೆಸಿದ ಉತ್ಖನನದ ವರದಿ ಹೊರಬಂತು. ಅದರಲ್ಲಿ ಸಿಕ್ಕಿದ್ದ ಗ್ರೀಕ್ ಪಪೈರಸ್‌ಗಳನ್ನು ಎ. ಎಚ್. ಸೇಸ್ ಎಂಬ ವಿದ್ವಾಂಸರು ಓದಿ ಕೊಟ್ಟಿದ್ದರು. ಅವುಗಳಲ್ಲಿ ಒಂದು ಯಾರದೋ ಖರ್ಚಿನ ಚೀಟಿ. ನಮ್ಮ ಮನೆಗಳಲ್ಲಿ ಹಾಲಿನವನಿಗೆ ಇಷ್ಟು, ಸೀಮೆಎಣ್ಣೆಗೆ ಇಷ್ಟು ಎಂದು ಬರೆದಿಡುತ್ತಿದ್ದೆವಲ್ಲ, ಅಂಥದ್ದು. ಅದರ ಒಂದು ಸಾಲಿನಲ್ಲಿ ಸೇಸ್ ‘ಎಪಿಯೂಸಿ…’ ಎಂದು ಓದಿದ್ದರು, ಮುಂದಿನ ಅಕ್ಷರಗಳಿರಲಿಲ್ಲ. ಆ ಕಾಗದಕ್ಕೂ ಪ್ರಾರ್ಥನೆಗೂ ಇದ್ದ ಸಂಬಂಧ ಮೊದಲಿಗೆ ಯಾರಿಗೂ ಹೊಳೆಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹೊಳೆದಾಗ ದೊಡ್ಡ ಸಂಭ್ರಮ. ಕೊನೆಗೂ ಒಂದು ನೆರೆಮನೆ ಸಿಕ್ಕಿತು! ಲ್ಯಾಟಿನ್‌ನಲ್ಲಿ ಸೈನಿಕರಿಗೂ ಗುಲಾಮರಿಗೂ ಅಳೆದುಕೊಡುವ ದಿನದ ಪಾಲಿಗೆ ‘ದಿಯಾರಿಯಾ’ ಎನ್ನುತ್ತಾರೆ. ಇದೂ ಅದೇ ಇರಬೇಕು, ದಿನದ ಪಡಿ ಎಂದೇ ಅರ್ಥ ಎಂದು ಕೋಶಗಳಲ್ಲಿ ಸೇರಿಕೊಂಡಿತು. ತೊಂದರೆ ಏನೆಂದರೆ, ಮತ್ತೊಮ್ಮೆ ಪರೀಕ್ಷಿಸೋಣ ಎಂದಾಗ ಆ ಚೀಟಿಯೇ ಕಾಣೆ. ದಶಕಗಳ ಕಾಲ ಎಲ್ಲರೂ ಸೇಸ್ ಅವರ ಓದನ್ನೇ ನಂಬಬೇಕಾಯಿತು. 1998ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿ ಅದು ಪತ್ತೆಯಾಯಿತು. ನೈಮನ್ ಮತ್ತು ವೋರ್ಪ್ ಎಂಬ ಇಬ್ಬರು ವಿದ್ವಾಂಸರು ಅದನ್ನು ಹೊಸದಾಗಿ ಓದಿ ಮರುವರ್ಷ ಪ್ರಕಟಿಸಿದರು. ಆ ಸಾಲಿನಲ್ಲಿದ್ದದ್ದು ಎಪಿಯೂಸಿಯೊಸ್ ಅಲ್ಲ, ‘ಎಲಾಯೂ’. ಅಂದರೆ ಎಣ್ಣೆ.

ನೀವು ನಗುತ್ತಿದ್ದೀರಿ, ನಾನೂ ನಕ್ಕಿದ್ದೆ. ಎಣ್ಣೆಯ ಲೆಕ್ಕವೊಂದು ಅಷ್ಟು ವರ್ಷ ದೇವಶಾಸ್ತ್ರದ ಸಾಕ್ಷಿಕಟ್ಟೆಯಲ್ಲಿ ನಿಂತಿತ್ತು. ಆದರೆ ಇದರಲ್ಲಿ ಸೇಸ್ ಅವರನ್ನು ಹಳಿಯುವುದಕ್ಕಿಂತ ಮೆಚ್ಚಬೇಕಾದದ್ದು ಇನ್ನೊಂದಿದೆ: ಹತ್ತಿರಹತ್ತಿರ ನೂರಹತ್ತು ವರ್ಷಗಳ ಬಳಿಕವೂ ಯಾರೋ ಇಬ್ಬರು ಆ ಹರಿದ ಚೀಟಿಯ ಒಂದು ಸಾಲಿನ ಮುಂದೆ ಮತ್ತೆ ಕುಳಿತರು ಎಂಬುದು. ಎಪಿಯೂಸಿಯೊಸ್ ಮತ್ತೆ ಒಂಟಿಯಾಯಿತು, ಸರಿ. ಸುಳ್ಳು ನೆರೆಯವನಿಗಿಂತ ಒಂಟಿತನ ಮೇಲು.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಕಿರಿದಾದ ದಾರಿ. ಮೊದಲನೆಯದು ಪದದ ಕಟ್ಟಡ. ‘ಎಪಿ’ಯ ಮುಂದೆ ‘ಊಸಿಯಾ’ದಂಥ ಸ್ವರಾದಿ ಪದ ಬಂದರೆ ಗ್ರೀಕಿನಲ್ಲಿ ಸಾಮಾನ್ಯವಾಗಿ ‘ಎಪಿ’ಯ ಇಕಾರ ಬಿದ್ದುಹೋಗುತ್ತದೆ, ನಮ್ಮಲ್ಲಿ ಲೋಪಸಂಧಿ ಆಗುವಂತೆ. ಹಾಗಾಗಿದ್ದರೆ ಅದು ‘ಎಪೂಸಿಯೊಸ್’ ಆಗಬೇಕಿತ್ತು. ಅಪವಾದಗಳಿವೆ, ಒಪ್ಪೋಣ. ಆದರೆ ಇಕಾರವನ್ನು ಉಳಿಸಿಕೊಂಡ ಒಂದು ಪದ ಕೈಗೆಟುಕುವಲ್ಲೇ ಇದೆ: ‘ಎಪಿಯೂಸಾ’, ಬರುತ್ತಿರುವ ದಿನ, ಮರುದಿನ. ಅಪೊಸ್ತಲರ ಕೃತ್ಯಗಳಲ್ಲಿ ಪೌಲನ ಹಡಗು ಮರುದಿನ ಮುಂದಿನ ಬಂದರಿಗೆ ಬಂತು ಎನ್ನುವಾಗ ಬರುವುದು ಇದೇ ಪದ; ಆ ಪುಸ್ತಕದಲ್ಲಿ ಅದು ಹಲವು ಸಲ ಸಿಗುತ್ತದೆ. ಬೇರನ್ನು ನಂಬಬೇಡಿ ಎಂದು ಈಗಷ್ಟೇ ಹೇಳಿ ನಾನೇ ಬೇರು ಅಗೆಯುತ್ತಿದ್ದೇನೆ ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ವ್ಯತ್ಯಾಸ ಇಷ್ಟು: ಸಾವಿರ ವರ್ಷ ಬಳಕೆಯಲ್ಲಿ ಸವೆದ ಪದದ ಬೇರು ಮೋಸ ಮಾಡುತ್ತದೆ, ಆದರೆ ಒಬ್ಬ ಮನುಷ್ಯ ಒಂದು ದಿನ ಕುಳಿತು ಹೊಸದಾಗಿ ಕಟ್ಟಿದ ಪದದಲ್ಲಿ ಅವನು ಯಾವ ತುಂಡುಗಳನ್ನು ಆರಿಸಿಕೊಂಡ ಎಂಬುದಕ್ಕೆ ಬೆಲೆಯಿದೆ. ಗಣಕಯಂತ್ರ ಎಂಬ ಪದವನ್ನು ಮೊದಲ ಬಾರಿ ಕೇಳಿದ ಕನ್ನಡಿಗ ಅದನ್ನು ಒಡೆದೇ ಅರ್ಥಮಾಡಿಕೊಂಡ.

ಎರಡನೆಯದು ವಾಕ್ಯ. ಪದಕ್ಕೆ ಊರಿನಲ್ಲಿ ನೆಂಟರಿಲ್ಲದಿದ್ದರೂ ಅದೇ ಮನೆಯಲ್ಲಿ ಜೊತೆಗಿರುವವರು ಇದ್ದಾರಲ್ಲ. ಮತ್ತಾಯ ‘ಇಂದು ಕೊಡು’ ಎನ್ನುತ್ತಾನೆ. ಲೂಕ ‘ದಿನದಿನವೂ ಕೊಡುತ್ತಿರು’ ಎನ್ನುತ್ತಾನೆ. ಎಪಿಯೂಸಿಯೊಸ್ ಎಂದರೆ ದಿನನಿತ್ಯದ ಎಂದಾದರೆ ಲೂಕನ ವಾಕ್ಯ ‘ದಿನದಿನದ ಆಹಾರವನ್ನು ದಿನದಿನವೂ ಕೊಡು’ ಎಂದಾಗುತ್ತದೆ. ಲೂಕ ಒಳ್ಳೆಯ ಗ್ರೀಕ್ ಬರೆಯುವವನು, ಅವನಿಂದ ಇಂಥ ಪುನರುಕ್ತಿ ಬರುವುದು ಕಷ್ಟ. ಬದಲಿಗೆ ‘ಬರುವ ದಿನದ ಆಹಾರವನ್ನು ದಿನದಿನವೂ ಕೊಡುತ್ತಿರು’ ಎಂದರೆ ವಾಕ್ಯ ಹಗುರಾಗಿ ನಿಲ್ಲುತ್ತದೆ; ಮತ್ತಾಯನ ‘ಬರುವ ದಿನದ್ದನ್ನು ಇಂದು ಕೊಡು’ ಎಂಬುದರಲ್ಲಿ ನಾಳೆಗೂ ಇಂದಿಗೂ ಒಂದು ಎಳೆತ ಹುಟ್ಟುತ್ತದೆ. ಬೆಳಿಗ್ಗೆ ಪ್ರಾರ್ಥಿಸುವವನಿಗೆ ಬರುವ ದಿನವೆಂದರೆ ಈಗ ಬೆಳಗಾಗುತ್ತಿರುವ ದಿನ, ಸಂಜೆ ಪ್ರಾರ್ಥಿಸುವವನಿಗೆ ನಾಳೆ.

ಮೂರನೆಯದಾಗಿ ಒಂದು ಆಕ್ಷೇಪವನ್ನೂ ನೋಡಬೇಕು, ಏಕೆಂದರೆ ಅದು ಗಟ್ಟಿಯಾದದ್ದು. ಮತ್ತಾಯನ ಅದೇ ಅಧ್ಯಾಯದ ಕೊನೆಯಲ್ಲಿ ಏಸು ನಾಳೆಯ ಚಿಂತೆ ಮಾಡಬೇಡಿ ಎನ್ನುತ್ತಾನೆ. ವಿಮೋಚನಕಾಂಡದ ಹದಿನಾರನೆಯ ಅಧ್ಯಾಯದಲ್ಲಿ ಮರುಭೂಮಿಯಲ್ಲಿ ಆಕಾಶದಿಂದ ಮನ್ನ ಎಂಬ ಆಹಾರ ಸುರಿದಾಗ ತಲೆಗೆ ಒಂದು ಓಮೆರ್ ಅಳತೆಯಷ್ಟು ಮಾತ್ರ ಕೂಡಿಸಬೇಕೆಂಬ ಕಟ್ಟಳೆ; ನಾಳೆಗಿರಲಿ ಎಂದು ಬಚ್ಚಿಟ್ಟವರ ಮನ್ನ ಹುಳು ಬಿದ್ದು ನಾರಿತು. ನಮ್ಮ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ನೆನಪಾಗುತ್ತಿರಬಹುದು: ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೊಂದು ಆಸೆ ಏಕೆ, ಹೆಚ್ಚಿನದನ್ನು ಇದ್ದಲ್ಲೇ ಸುರಿದು ಬಾ ಎಂದವಳು ಅವಳು. ಹೀಗಿರುವಾಗ ನಾಳಿನ ರೊಟ್ಟಿಯನ್ನು ಇಂದೇ ಕೇಳುವುದು ಸರಿಹೊಂದೀತೇ? ಮನ್ನದ ಕಥೆಯಲ್ಲೇ ಒಂದು ಉತ್ತರವಿದೆ. ಆರನೆಯ ದಿನ, ಅಂದರೆ ಸಬ್ಬತ್ತೆಂಬ ವಿಶ್ರಾಂತಿಯ ದಿನದ ಹಿಂದಿನ ದಿನ, ಎರಡು ದಿನದ್ದು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ. ಆದರೂ ಈ ಉತ್ತರ ನನಗೆ ಪೂರ್ತಿ ಸಮಾಧಾನ ಕೊಟ್ಟಿರಲಿಲ್ಲ.

ಸಮಾಧಾನ ಸಿಕ್ಕಿದ್ದು ಡೊಂಬಿವಲಿಯಲ್ಲಿ ನಮ್ಮ ಮನೆಯ ಹತ್ತಿರದ ನಾಕಾದಲ್ಲಿ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ಬೀದಿಕೂಡಿನಲ್ಲಿ. ಬೆಳಿಗ್ಗೆ ಏಳೂವರೆಗೆ ಅಲ್ಲಿ ಐವತ್ತು ಅರವತ್ತು ಜನ ನಿಂತಿರುತ್ತಾರೆ, ಕರಣೆ, ಸುತ್ತಿಗೆ, ಬಣ್ಣದ ಕುಂಚ, ಕೆಲವರ ಕೈಯಲ್ಲಿ ಬರಿ ಬುಟ್ಟಿ. ಅವರಲ್ಲಿ ಹಲವರು ಯಾದಗಿರಿ, ಕಲಬುರಗಿ ಕಡೆಯವರು, ಅಲ್ಲಿ ಕಿವಿಗೆ ಬೀಳುವುದು ನಮ್ಮದೇ ಭಾಷೆ. ಗುತ್ತಿಗೆದಾರ ಸ್ಕೂಟರ್ ನಿಲ್ಲಿಸಿ ಇಬ್ಬರು, ಮೂವರು ಎಂದು ಬೆರಳು ತೋರಿಸುತ್ತಾನೆ. ಹತ್ತು ಗಂಟೆಯಾದರೂ ಯಾರೂ ಕರೆಯದಿದ್ದವರು ಮನೆಗೆ ಹೋಗುತ್ತಾರೆ. ಮತ್ತಾಯನ ಇಪ್ಪತ್ತನೆಯ ಅಧ್ಯಾಯದ ದ್ರಾಕ್ಷಿತೋಟದ ಯಜಮಾನ ಪೇಟೆಬೀದಿಗೆ ಬಂದು ನೋಡಿದ ದೃಶ್ಯ ಇದೇ. ಸಂಜೆ ಐದಕ್ಕೂ ಅಲ್ಲಿ ನಿಂತಿದ್ದವರು ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎನ್ನುತ್ತಾರೆ. ಒಂದು ದಿನ ನಾನು ಅಲ್ಲಿಯ ಒಬ್ಬರ ಜೊತೆ ಮಾತಿಗೆ ನಿಂತು, ಇವತ್ತು ಕೆಲಸ ಸಿಗದಿದ್ದರೆ ಇವತ್ತಿನ ಊಟಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ನನ್ನನ್ನು ಸ್ವಲ್ಪ ಕನಿಕರದಿಂದಲೇ ನೋಡಿದರು. “ಇವತ್ತ ಉಣ್ಣೂದು ನಿನ್ನಿ ದುಡದದ್ದುರೀ ಸರ. ಇವತ್ತಿಂದು ನಾಳಿಗಿ” ಎಂದರು.

ಮನೆಗೆ ಬಂದು ಮತ್ತಾಯನನ್ನು ತೆರೆದೆ. ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆನ್ನುತ್ತದೆ. ಸಂಜೆ ಕೂಲಿ ಕೈಗೆ ಬರುತ್ತದೆ, ಅದರಿಂದ ಹಿಟ್ಟು ಬರುತ್ತದೆ, ಆ ಹಿಟ್ಟಿನ ರೊಟ್ಟಿ ಕಟ್ಟಿಕೊಂಡು ನಾಳೆ ಮತ್ತೆ ನಾಕಾಕ್ಕೆ ಹೋಗಬೇಕು. ದಿನಗೂಲಿಯವನ ಲೆಕ್ಕದಲ್ಲಿ ‘ಬರುವ ದಿನದ ರೊಟ್ಟಿ ಇಂದು’ ಎಂಬುದು ಕೂಡಿಡುವ ಆಸೆಯಲ್ಲ. ಅದು ಇರುವ ಅತಿ ಚಿಕ್ಕ ಲೆಕ್ಕ. ಅದಕ್ಕಿಂತ ಚಿಕ್ಕದಾದರೆ ಉಪವಾಸ. ನಾಳೆಯ ಚಿಂತೆ ಮಾಡಬೇಡ ಎಂಬ ಮಾತು ಅವನ ಕಿವಿಗೆ ಹಿತವಾಗಿ ಬೀಳುವುದು ಇಂದು ಸಂಜೆ ಆ ಹಿಟ್ಟು ಡಬ್ಬಿಯಲ್ಲಿದ್ದಾಗ. ಇದು ಭಾಷಾಶಾಸ್ತ್ರದ ಪುರಾವೆಯಲ್ಲ ಎಂದು ನನಗೆ ಗೊತ್ತು. ಡೊಂಬಿವಲಿಯ ನಾಕಾ ಗಲಿಲಾಯವಲ್ಲ. ಹವಾರದ ಎಣ್ಣೆಯ ಚೀಟಿಯಂತೆ ಇದೂ ನನಗೆ ಕೈಕೊಡಬಹುದು. ಆದರೆ ನಾಳೆ ಎಂಬ ಅರ್ಥ ಈ ಪ್ರಾರ್ಥನೆಗೆ ಹೊಂದುವುದಿಲ್ಲ ಎಂಬ ಆಕ್ಷೇಪವನ್ನು ಅದು ನನ್ನ ಮಟ್ಟಿಗೆ ತೆಗೆದುಹಾಕಿತು.

ಕನ್ನಡದಲ್ಲಿ ಇದನ್ನು ಏನೆನ್ನಬೇಕು ಎಂದು ಸಂಘಟಕರು ಮೊದಲೇ ಕೇಳಿದ್ದರು. ಪ್ರಾರ್ಥನೆಯನ್ನು ತಿದ್ದಿ ಎಂದು ಹೇಳಲು ನಾನು ಯಾರೂ ಅಲ್ಲ. ಅಜ್ಜಿಯರ ಬಾಯಲ್ಲಿ ಕುಳಿತ ‘ಅನುದಿನದ’ ಅಲ್ಲಿಯೇ ಇರಲಿ, ಅದಕ್ಕೂ ಹಳೆಯ ಲ್ಯಾಟಿನ್‌ನಷ್ಟು ಹಿಂದಿನ ಆಧಾರವಿದೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವುದಾದರೆ ಎರಡು ಪದ ಸೂಚಿಸುತ್ತೇನೆ. ಒಂದು ‘ಬರುವ ದಿನದ’. ಇನ್ನೊಂದು ‘ಪಡಿ’. ಒಬ್ಬರಿಗೆ ಒಂದು ದಿನಕ್ಕೆಂದು ಅಳೆದುಕೊಡುವ ಧಾನ್ಯಕ್ಕೆ ಪಡಿ ಎನ್ನುತ್ತಿದ್ದೆವು. ಪಡಿತರ ಚೀಟಿಯಲ್ಲಿ ಅದಿನ್ನೂ ಉಸಿರಾಡುತ್ತಿದೆ. ಜ್ಞಾನೋಕ್ತಿಗಳ ಮೂವತ್ತನೆಯ ಅಧ್ಯಾಯದಲ್ಲಿ ಬಡತನವೂ ಬೇಡ, ಸಿರಿಯೂ ಬೇಡ, ನನ್ನ ಪಾಲಿನ ರೊಟ್ಟಿ ಕೊಡು ಎಂದು ಒಬ್ಬ ಬೇಡುತ್ತಾನಲ್ಲ, ಆ ಪಾಲು. ‘ಬೇಕಾದ’ ಎಂಬ ಪೆಶಿತ್ತಾದ ಅರ್ಥವೂ, ದಿನದ ಅಳತೆಯೂ ಆ ಎರಡಕ್ಷರದಲ್ಲಿವೆ. ನಾಳೆ ಮಾತ್ರ ಅದರಲ್ಲಿ ಬರುವುದಿಲ್ಲ, ಅದು ಅದರ ಕೊರತೆ.

ಇದೇ ಪ್ರಾರ್ಥನೆಯ ಮುಂದಿನ ಸಾಲಿನಲ್ಲಿ ಕ್ಷಮೆಯ ಮಾತಿದೆ. ಅಲ್ಲಿ ಲೂಕ ‘ಪಾಪ’ ಎನ್ನುವಲ್ಲಿ ಮತ್ತಾಯನ ಗ್ರೀಕ್ ಪದಕ್ಕೆ ನೇರ ಅರ್ಥ ‘ಸಾಲ’. ಹತ್ತು ಗಂಟೆಗೆ ನಾಕಾದಿಂದ ಬರಿಗೈಯಲ್ಲಿ ಮರಳಿದವನು ಸಂಜೆ ಕಿರಾಣಿ ಅಂಗಡಿಯ ಮುಂದೆ ನಿಂತಾಗ, ಅಂಗಡಿಯವನು ಉದ್ರಿ ಪುಸ್ತಕ ತೆಗೆಯುತ್ತಾನೆ. ಆ ಪುಸ್ತಕದ ಬಗ್ಗೆ ಮುಂದಿನ ತಿಂಗಳು ಮಾತಾಡೋಣ.